ನುಸಿಗಳ ಹಿರಿತನ

ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವ ನಾನು ಕಳೆದ ರಜೆಯಲ್ಲಿ ಜಮಖಂಡಿ ಸುತ್ತಲಿನ ಊರುಗಳಲ್ಲಿ ಬಲೆಯಲ್ಲಿ ನುಸಿ ಹಿಡಿದು ಬಾಟಲಿಗೆ ತುಂಬಿ, ಯಾವ ಬಗೆ ಎಲ್ಲಿದೆ ಎಂದು ಬರೆದಿಡುತ್ತಿದ್ದೆ. ಸಾವಳಗಿಯ ಒಣಹೊಲಗಳಲ್ಲಿ ಕಾಣದ ಒಂದು ಬಗೆ ಗಲಗಲಿಯ ಹೊಳೆದಂಡೆಯ ಎಮ್ಮೆ ಕೊಟ್ಟಿಗೆಯಲ್ಲಿ ಹಿಂಡುಹಿಂಡಾಗಿ ಸಿಕ್ಕಿತು.

“ಇವು ಸೊಳ್ಳಿ ಮರಿ ಏನ್ರಿ?” ಎಂದು ಕೊಟ್ಟಿಗೆಯ ಅಜ್ಜಿ ಕೇಳಿದಳು.

“ಅಲ್ರಿ, ಸೊಳ್ಳಿನೂ ಇವೂ ಒಂದ ಬಳಗ. ನೊಣಾನೂ ಅದ ಮನೆತನದ್ದು, ಆದ್ರ ಬಾಳ ತಡಾ ಹುಟ್ಟಿದ ಕವಲು.”

“ಅಂದ್ರ ನೊಣಕ್ಕಿಂತ ಇವರು ಹಿರ್ಯಾರು?”

ಹೌದೆಂದೆ. ಅಜ್ಜಿ ತಟ್ಟನೆ ತಲೆಯ ಮೇಲೆ ಸೆರಗು ಹೊದ್ದು, ನನ್ನ ಬಲೆ ಕಿತ್ತುಕೊಂಡಳು. “ಹಿರ್ಯಾರನ್ನ ಬಾಟ್ಲ್ಯಾಗ ತುಂಬತಾರೇನ್ರಿ? ಸಾಲಿ ಕಲಿಸಾವ್ರು ನೀವು!”

ದಿನವೂ ಹಾಕುವ ಬೇವಿನ ಹೊಗೆಯನ್ನೂ ಅಂದು ಹಾಕಲಿಲ್ಲ. ಹಾಲು ಹಿಂಡುವಾಗ ನುಸಿ ಕಾಟಕ್ಕೆ ಎಮ್ಮೆ ಒದ್ದು, ಅರ್ಧ ಚರಿಗೆ ಹಾಲು ಚೆಲ್ಲಿತು. ಅಜ್ಜಿ ಬೇವಿನ ಸೊಪ್ಪಿಗೆ ಬೆಂಕಿ ಹಚ್ಚಿ, ಹಾರಾಡುವ ನುಸಿಗಳಿಗೆ ಕೈಮುಗಿದಳು. “ಸಿಟ್ಟಾಗಬ್ಯಾಡ್ರಿ, ಜರಾ ಹೊರಗ ಕೂಡ್ರಿ.”

ನುಸಿಗಳ ಜೊತೆ ನಾನೂ ಕೆಮ್ಮುತ್ತ ಅಂಗಳಕ್ಕೆ ಬಂದೆ. ಅಜ್ಜಿ ಉಳಿದ ಹಾಲಿನಲ್ಲಿ ಚಹಾ ಮಾಡಿ ತಂದಳು. ಮೊದಲು ತಟ್ಟೆಯಂಥ ಬಸಿಗೆ ಸುರಿದು ಕಟ್ಟೆಯ ಮೇಲೆ ಹಿರಿಯರಾದ ನುಸಿಗಳಿಗಿಟ್ಟಳು. ಕಿರಿಯನಾದ ನಾನು ನನ್ನ ಪಾಳಿಗೆ ಕಾದು ನಿಂತೆ.