ಗರಗಸದಕ್ಕನ ಬಾಗಿಲ ಹಾಸು

ಕಾಲರ್ ಎತ್ತಿಕೊಂಡೇ ಹೇಳುತ್ತೇವೆ, ಕೇಳಿಸಿಕೊಳ್ಳಿ: ಮೊನ್ನೆ ರೋಬೋಟ್ ಕುಸ್ತಿಯಲ್ಲಿ ಇಡೀ ಸಭಾಂಗಣ ಬಾಯಿ ಬಿಟ್ಟುಕೊಂಡು ನೋಡಿದ್ದು ನಮ್ಮ ಕಾಲೇಜು ತಂಡದ ರೋಬೋಟನ್ನೇ! ಎಂಟ್ರಿ ಅಂದರೆ ಅದು ಎಂಟ್ರಿ. ಆದರೆ ಈ ಕಥೆಯ ಹೀರೋ ನಾವಲ್ಲ. ಹೀರೋ ಈಗಷ್ಟೇ ಶಟರ್ ಎತ್ತುತ್ತಿದ್ದಾರೆ.

ಬೆಳಕಿನ್ನೂ ಸರಿಯಾಗಿ ಹರಿದಿಲ್ಲ. ಬೋರ್ಡ್ ಅಂಗಡಿಯ ಗರಗಸದಕ್ಕ ನಿನ್ನೆಯ ಪ್ಲಾಸ್ಟಿಕ್ ಪುಡಿ ಗುಡಿಸಿ, ಕನ್ನಡಕ ಒರೆಸಿ, ಮೊದಲ ಶೀಟನ್ನು ಮೇಜಿಗೇರಿಸುತ್ತಾರೆ. ಹಲ್ಲಿನ ಡಾಕ್ಟರದು, ಟೈಲರದು, ‘ಇಲ್ಲಿ ಗಾಡಿ ನಿಲ್ಲಿಸಬೇಡಿ’ಯದು, ಹೀಗೆ ದಿನಕ್ಕೆ ಹದಿನೈದು ಬೋರ್ಡಾದರೂ ಅವರ ಕೈ ದಾಟಿ ಹೋಗುತ್ತವೆ. ಅವರ ಅಂಗಡಿಗೇ ಬೋರ್ಡಿಲ್ಲ. “ಪುರುಸೊತ್ತು ಆಗ್ಬೇಕಲ್ಲಪ್ಪ!”

ಕೆಲಸ ಕಲಿಸಿದ್ದು ಸೋದರಮಾವ. ಅವರ ಕೈ ನಡುಗತೊಡಗಿದ ಮೇಲೆ ಗರಗಸ ಇವರ ಪಾಲಿಗೆ ಬಂತು. “ಹೆಂಗಸಿನ ಕೈಲಿ ಗರಗಸಾನಾ ಅಂತ ಗಿರಾಕಿಗಳು ವಾಪಸ್ ಹೋಗ್ತಿದ್ರು. ಈಗ ಬೈದರೂ ಹೋಗಲ್ಲ.”

ಕತ್ತರಿಸಿ ಉಳಿದ ಶೀಟಿನ ತುಂಡುಗಳನ್ನು ಬಾಗಿಲ ಮುಂದೆ ಹಾಸುವುದು ಮಾವನ ಕಾಲದ ರೂಢಿ. ಜನ ತುಳಿಯುತ್ತಾರೆ, ಸೈಕಲ್ ಹತ್ತುತ್ತದೆ. ಯಾವ ಶೀಟು ಎಷ್ಟು ತಾಳುತ್ತದೆಂದು ತಾನಾಗಿ ಗೊತ್ತಾಗುತ್ತದೆ.

ಸ್ಪರ್ಧೆಯ ಹಿಂದಿನ ಸಂಜೆ ನಾವು ಅಲ್ಲಿಗೆ ಓಡಿದ್ದು ಎರಡು ಹೋಳಾದ ರೋಬೋಟಿನ ತಳ ಹಿಡಿದುಕೊಂಡು. ವೈರೆಲ್ಲ ಕಂಡು ಮಿಂಚಲಿ ಎಂದು ಗಾಜಿನಂಥ ಅಕ್ರಿಲಿಕ್ ಪ್ಲಾಸ್ಟಿಕ್ ಆರಿಸಿದ್ದೆವು. ಸ್ಕ್ರೂ ಬಿಗಿದಲ್ಲೇ ಸೀಳಿತ್ತು. ಹೊಸ ತಳ ಸಿಗದಿದ್ದರೆ ಇಡೀ ವರ್ಷದ ಒದ್ದಾಟ ಮಣ್ಣುಪಾಲು.

“ಅಲ್ಯೂಮಿನಿಯಂ ಹಾಕ್ಕೊಡಿ ಅಕ್ಕಾ.”

“ತೂಕ ಮೀರಲ್ವೇನ್ರೋ?”

“ಮೀರುತ್ತೆ. ಪ್ಲೈವುಡ್ಡೂ ಆಗಲ್ಲ, ಅಷ್ಟು ದಪ್ಪಕ್ಕೆ ಜಾಗ ಇಲ್ಲ.”

“ಹಾಗಾದ್ರೆ ಪಾಲಿಕಾರ್ಬೊನೇಟೇ ಸರಿ. ಅದೂ ಪ್ಲಾಸ್ಟಿಕ್ಕೇ, ಬಾಗುತ್ತೆ, ಒಡೆಯಲ್ಲ. ಆದ್ರೆ ಬೇಗ ಗೀರು ಬೀಳುತ್ತೆ ಅಂತ ಯಾರೂ ಕೇಳಲ್ಲ, ನಾನೂ ತರ್ಸಲ್ಲ.”

ನಮ್ಮ ಮುಖಗಳನ್ನು ಅಕ್ಕ ಒಂದು ಸುತ್ತು ನೋಡಿದರು. ಆಮೇಲೆ ಸ್ಕ್ರೂಡ್ರೈವರ್ ಹಿಡಿದು ಬಾಗಿಲಿಗೆ ನಡೆದು, ಕೂತು, ನೆಲದಿಂದ ಎಂದೋ ಉಳಿದಿದ್ದ ಪಾಲಿಕಾರ್ಬೊನೇಟಿನ ಒಂದು ಹಾಸನ್ನು ಮೀಟಿ ಎಬ್ಬಿಸಿದರು. ಮೈತುಂಬ ಗೀರು, ಬಿರುಕು ಒಂದೂ ಇಲ್ಲ.

“ತುಳಿದಿದ್ದನ್ನ ಕೊಡೋಕೆ ನಾಚಿಕೆ ಆಗುತ್ತೆ ಕಣ್ರೋ.”

ಸೋಪು ಹಾಕಿ ತೊಳೆದು, ಅಳತೆಗೆ ಕತ್ತರಿಸಿ, ತೂತು ಕೊರೆದು ಕೊಟ್ಟರು. ಕೊಟ್ಟ ಮೇಲೂ ಅವರಿಗೆ ಅದೇ ಚಿಂತೆ: ಇದೂ ಒಡೆದರೆ ಹುಡುಗರ ಮಾನ ತನ್ನ ಕೈಯಿಂದಲೇ ಹೋದ ಹಾಗೆ. ಬಾಗಿಲ ಮುಂದಿನ ಆ ಚೌಕ ಇನ್ನೂ ಖಾಲಿ. ಅದನ್ನು ದಾಟುವಾಗಲೆಲ್ಲ ನಾವು ಮನಸ್ಸಲ್ಲೇ ಕೈ ಮುಗಿಯುತ್ತೇವೆ.

ಸರಿ, ಬಿಲ್ಡಪ್ ಸಾಕು, ನಿಜ ಹೇಳಿಬಿಡುತ್ತೇವೆ. ಸಭಾಂಗಣ ಬಾಯಿ ಬಿಟ್ಟಿದ್ದು ನಮ್ಮ ರೋಬೋಟ್ ಗಾಳಿಯಲ್ಲಿ ಹಾರಿದ್ದಕ್ಕೆ. ಮೊದಲ ಸುತ್ತಿನಲ್ಲೇ ಎದುರಾಳಿ ರೋಬೋಟ್ ಎತ್ತಿ ಒಗೆಯಿತು. ಚಕ್ರ ಒಂದು ಕಡೆ, ಮೋಟಾರು ಒಂದು ಕಡೆ, ನಮ್ಮ ಡೈಲಾಗುಗಳೆಲ್ಲ ಇನ್ನೊಂದು ಕಡೆ. ಮರುದಿನ ಮುಖ ಸಣ್ಣದು ಮಾಡಿಕೊಂಡು ಹೋಗಿ ಹೇಳಿದೆವು. ಅಕ್ಕ ಕೇಳಿದ್ದು ಒಂದೇ.

“ತಳ ಒಡೀತಾ?”

“ಇಲ್ಲ ಅಕ್ಕಾ. ಕೂದಲೆಳೆಯಷ್ಟೂ ಸೀಳಿಲ್ಲ.”

ನಾವು ಚೀಲದಿಂದ ತೆಗೆದುಕೊಟ್ಟ ತಳವನ್ನು ಅವರು ಬೆಳಕಿಗೆ ಹಿಡಿದು, ಬಾಗಿಸಿ ನೋಡಿ, ನಕ್ಕರು. “ಹಾಗಾದ್ರೆ ನಾನು ಸೋತಿಲ್ಲ. ನಡೀರಿ, ಆ ಚಕ್ರ ಎಲ್ಲಿ ಬಿತ್ತೋ ಹುಡುಕ್ಕೊಂಡು ಬನ್ನಿ.”