ಅಜ್ಜಿ ಕಟ್ಟಿದ ದಬ್ಬೆ

ನಮ್ಮದು ಅನುಮಾನದ ಮನೆ. ಹಾಲಿನವನು ನಕ್ಕರೆ, ಇವತ್ತು ನೀರು ಹೆಚ್ಚು ಬೆರೆಸಿದ್ದಾನೆ ಎನ್ನುತ್ತಿದ್ದಳು ಅಜ್ಜಿ. ಆ ಗುಣ ನನಗೂ ಬಂದಿತ್ತು. ಹಾಗಾಗಿ ಶಹಾಬಾದಿನ ದವಾಖಾನೆಗೆ ವಾರಕ್ಕೊಮ್ಮೆ ಗುಲಬರ್ಗಾದಿಂದ ಬರುತ್ತಿದ್ದ ಕಸರತ್ತಿನ ಡಾಕ್ಟರಬಾಯಿಯನ್ನು ನಾವಿಬ್ಬರೂ ಮೊದಲ ದಿನದಿಂದಲೇ ನಂಬಲಿಲ್ಲ.

ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾದ ಆಸುಪಾಸಿನ ವರ್ಷ. ಶಾಲೆಯಲ್ಲಿ ಖೋ ಖೋ ಆಡುವಾಗ ಕಂಬ ಸುತ್ತುವ ಭರದಲ್ಲಿ ಬಿದ್ದು ಮೊಣಕಾಲ ಚಿಪ್ಪು ಒಡೆದುಕೊಂಡಿದ್ದೆ. ಪ್ಲಾಸ್ಟರ್ ಬಿಚ್ಚಿದಾಗ ಕಾಲು ಒನಕೆಯ ಹಾಗೆ ನೆಟ್ಟಗಿತ್ತು. ಕುಕ್ಕರುಗಾಲಲ್ಲಿ ಕೂರಲಾಗದವಳನ್ನು ಖೋ ಖೋ ಸಾಲಿಗೆ ಯಾರು ಸೇರಿಸಿಕೊಳ್ಳುತ್ತಾರೆ? ನನಗೆ ಅದೊಂದೇ ಸಂಕಟ.

ಡಾಕ್ಟರಬಾಯಿ ಸೂಜಿ ಚುಚ್ಚಲಿಲ್ಲ, ಗುಳಿಗೆ ಕೊಡಲಿಲ್ಲ. ನುಣುಪಾದ ಫರಸಿ ಕಲ್ಲಿನ ನೆಲದ ಮೇಲೆ ಕೂರಿಸಿ, ಹಿಮ್ಮಡಿಯ ಕೆಳಗೆ ಅರಿವೆ ಇಟ್ಟು, ಕಾಲನ್ನು ಜಾರಿಸುತ್ತ ನನ್ನ ಕಡೆಗೆ ಎಳೆದುಕೊಳ್ಳಲು ಹೇಳಿದರು. ನಾನು ಚೀರಿದೆ.

"ಇದು ಯಾವ ಸೀಮಿ ಔಷಧರೀ?" ಎಂದಳು ಅಜ್ಜಿ. "ಕೂಡಿದ ಎಲುಬು ಮತ್ತ ಮುರಿಬೇಕಂತ ಮಾಡೀರೇನು?"

"ಮನ್ಯಾಗೂ ದಿನಾ ಮಾಡಸ್ರಿ, ಅವ್ವಾ. ಇಲ್ಲಾಂದ್ರ ಕಾಲು ಹಿಂಗೇ ಉಳೀತದ."

ಮನೆಯಲ್ಲಿ ಮಾಡಿದ್ದೇ ಬೇರೆ. ಎಲುಬು ಗಟ್ಟಿಯಾಗಬೇಕಾದರೆ ಅಲುಗಬಾರದು ಎಂಬುದು ಅಜ್ಜಿ ನೋಡುತ್ತ ಬಂದ ಪದ್ಧತಿ. ದಿನಾ ಸಂಜೆ ಎರಡು ಬಿದಿರಿನ ದಬ್ಬೆಗಳ ನಡುವೆ ನನ್ನ ಕಾಲಿಟ್ಟು, ಎಣ್ಣೆ ಬಟ್ಟೆಯಿಂದ ಬಿಗಿಯುತ್ತಿದ್ದಳು. "ಆ ಬಾಯಿಗಿ ಹೇಳಬ್ಯಾಡ" ಎನ್ನುತ್ತಿದ್ದಳು. ನೋವಿಲ್ಲದ ಕಾರಣ ನನಗೂ ಅದೇ ಹಿತವಾಗಿತ್ತು.

ವಾರಗಳು ಕಳೆದರೂ ಕಾಲು ಮಡಚಲು ಬರಲಿಲ್ಲ. ಈಗ ಅನುಮಾನಪಡುವ ಸರದಿ ಡಾಕ್ಟರಬಾಯಿಯದು. ಚರ್ಮದ ಮೇಲಿನ ಎಣ್ಣೆ, ದಬ್ಬೆಯ ಬರೆ ನೋಡಿ, "ಇದನ್ನ ಯಾರು ಕಟ್ಟಾಕತ್ತಾರ?" ಎಂದರು.

ಅಜ್ಜಿ ಸೆಟೆದು ನಿಂತಳು. "ನಾನೇ ಕಟ್ಟೀನಿ. ಸಣ್ಣಾಕಿದ್ದಾಗ ಬಂಡಿ ಮ್ಯಾಲಿಂದ ಬಿದ್ದು ನನ್ನ ಕೈ ಮುರದಿತ್ತು. ಹಿಂಗೇ ಕಟ್ಟಿದ್ರು. ಕೂಡಿಲ್ಲೇನು?" ಎಂದು ಬಲಗೈ ಚಾಚಿದಳು.

ಡಾಕ್ಟರಬಾಯಿ ಆ ಕೈಯನ್ನು ಮೆಲ್ಲಗೆ ಮಡಚಲು ನೋಡಿದರು. ಅದು ಅರ್ಧಕ್ಕೇ ನಿಂತಿತು.

"ಅವ್ವಾ, ಊಟ ಯಾವ ಕೈಲೆ ಮಾಡ್ತೀರಿ?"

ಅಜ್ಜಿ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಆಗ ನನಗೆ ಹೊಳೆಯಿತು. ಎಲ್ಲರ ಊಟ ಮುಗಿದ ಮೇಲೆ ಆಕೆ ಒಬ್ಬಳೇ ಗೋಡೆಗೆ ಮುಖ ಮಾಡಿ ಉಣ್ಣುತ್ತಿದ್ದಳು. ಮಡಿ ಎಂದೇ ನಾವೆಲ್ಲ ತಿಳಿದಿದ್ದೆವು. ಎಡಗೈಯಲ್ಲಿ ಉಣ್ಣುವುದನ್ನು ಯಾರೂ ಕಾಣಬಾರದೆಂದು ಆಕೆ ಅಷ್ಟು ವರ್ಷ ಅಡಗಿ ಉಂಡಿದ್ದಳು. ಊರನ್ನೆಲ್ಲ ಅನುಮಾನಿಸುವ ನಮ್ಮ ಮನೆಯಲ್ಲಿ ಇದೊಂದರ ಅನುಮಾನ ಯಾರಿಗೂ ಬಂದಿರಲಿಲ್ಲ.

ಆ ಸಂಜೆ ದಬ್ಬೆಗಳು ಒಲೆಗೆ ಹೋದವು. ಮರುದಿನದಿಂದ ಅಜ್ಜಿ ನನ್ನೆದುರು ಕೂತು, "ಎಳಿ, ಅತ್ರೂ ಎಳಿ" ಎಂದು ಬೆನ್ನು ಹತ್ತಿದಳು. ನಾನು ಅಳುತ್ತಿದ್ದೆ, ಬಯ್ಯುತ್ತಿದ್ದೆ, ಆಕೆ ಬಿಡುತ್ತಿರಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ದಿನ, ಎಲ್ಲರೂ ಉಣ್ಣಲು ಕೂತಾಗ, ಅಡುಗೆಮನೆಯ ಫರಸಿಯ ಮೇಲೆ ಕುಕ್ಕರುಗಾಲಲ್ಲಿ ಕೂತೇಬಿಟ್ಟೆ. ಅಜ್ಜಿ ನನ್ನ ಮೊಣಕಾಲು ಮುಟ್ಟಿ ನೋಡಿದಳು. ಆಮೇಲೆ ತನ್ನ ತಾಟು ತಂದು, ಗೋಡೆಗೆ ಬೆನ್ನು ಹಾಕಿ, ನಮ್ಮೆಲ್ಲರ ಸಾಲಿನಲ್ಲಿ ಕೂತಳು.

"ಏನ್ ನೋಡ್ತಿ? ಉಣ್ಣು" ಎಂದು ಗದರಿ, ಎಡಗೈಯಿಂದ ರೊಟ್ಟಿ ಮುರಿದಳು.