ಏಕಾಂತಪ್ಪ ಮೇಷ್ಟ್ರು ತಿದ್ದಿದ ಕುಕಿ ಪಟ್ಟಿ

ಏಕಾಂತಪ್ಪ ಮೇಷ್ಟ್ರ ಕೈಯಲ್ಲಿ ಕೆಂಪು ಪೆನ್ನು ಕಂಡರೆ ನನಗೆ ತಲೆ ಚಿಟ್ಟು ಹಿಡಿಯುತ್ತದೆ. ಅವರು ಹೈಸ್ಕೂಲಿನಿಂದ ನಿವೃತ್ತರಾಗಿ ಹನ್ನೊಂದು ವರ್ಷವಾಯಿತು, ಪೆನ್ನಿಗೆ ಮಾತ್ರ ನಿವೃತ್ತಿ ಆಗಿಲ್ಲ. ಕೊಟ್ಟೂರು ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅವರ ವಧು-ವರರ ಕೇಂದ್ರ. ಅಲ್ಲಿ ಕಂಪ್ಯೂಟರಿನ ಮುಂದೆ ಕೂರುವವಳು ನಾನು, ಸುಮಲತಾ. ಬಂದ ಬಯೋಡೇಟಾ ಎಲ್ಲವೂ ಆ ಪೆನ್ನಿನಡಿ ಹಾಯ್ದೇ ನನ್ನ ಮೇಜಿಗೆ ಬರಬೇಕು. ಹುಡುಗನಿಗೆ ದಪ್ಪ ಕನ್ನಡಕ ಎಂದಿದ್ದರೆ ಅಡ್ಡಗೆರೆ. "ನೋಡಾಕ ಬಂದಾಗ ಕಾಣತೈತಿ ಬಿಡವ್ವ." ಬೀಡಾ ಅಂಗಡಿ ಇದ್ದರೆ 'ಸ್ವಂತ ವ್ಯಾಪಾರ'. ಒಮ್ಮೆ ನಿಶ್ಚಿತಾರ್ಥ ಮುರಿದಿದ್ದರೆ 'ಉಳಿದ ವಿಚಾರ ಮುಖತಃ'. ನಮ್ಮ ಕಡೆ ಬಯೋಡೇಟಾ ಬರೆಯುವುದೇ ಹಾಗೆ, ಓದುವವರಿಗೂ ಅದು ಗೊತ್ತಿರುತ್ತದೆ.

ಆದರೆ ಗುಟ್ಟು ಕಾಯುವುದರಲ್ಲಿ ಮೇಷ್ಟ್ರಿಗೆ ಸಾಟಿಯಿಲ್ಲ, ಅದನ್ನು ಒಪ್ಪಲೇಬೇಕು. ಫೋಟೋ ಆಲ್ಬಂ ತೋರಿಸುವುದು ಒಳಕೋಣೆಯಲ್ಲಿ, ಬಾಗಿಲು ಮುಚ್ಚಿ. ಗುರುತಿನವರಿಬ್ಬರು ಒಂದೇ ಹೊತ್ತಿಗೆ ಬಂದರೆ ಒಬ್ಬರನ್ನು ಹಿತ್ತಲ ಬಾಗಿಲಿಂದ ಸಾಗಹಾಕುತ್ತಾರೆ. ಯಾರು ಯಾರ ಮಗಳನ್ನು ನೋಡಿ ಬೇಡವೆಂದರು ಎನ್ನುವುದು ಅವರ ಹೆಂಡತಿಗೂ ಗೊತ್ತಾಗಿಲ್ಲ. ಅವರು ಬಾಯಿ ಬಿಡುವವರಲ್ಲ ಎಂದು ನಂಬಿಯೇ ಹಡಗಲಿ, ಹರಪನಹಳ್ಳಿಯಿಂದಲೂ ಜನ ಬಸ್ಸು ಹತ್ತಿ ಬರುತ್ತಾರೆ.

ಎರಡು ವರ್ಷದ ಹಿಂದೆ ಕೇಂದ್ರಕ್ಕೊಂದು ವೆಬ್‌ಸೈಟು ಆಯಿತು. ಈಚೆಗೆ ಅದಕ್ಕೆ ಜಾಹೀರಾತು ಕೊಡುವ ಕಂಪನಿಯೊಂದು ಗಂಟುಬಿತ್ತು. ಸೈಟಿನ ಖರ್ಚು ನೀಗುತ್ತದೆ ಎಂದು ಮೇಷ್ಟ್ರು ಒಪ್ಪಿಕೊಂಡರು. ನಿಮ್ಮ ಸೈಟಿನಲ್ಲಿ ಯಾವ ಯಾವ ಕುಕಿ ಇವೆ ಎಂದು ಒಂದು ಪುಟದಲ್ಲಿ ಬರೆದು ಹಾಕಿ ಎಂದು ಆ ಕಂಪನಿಯವರೇ ಹೇಳಿದರು. ಕುಕಿ ಎಂದರೆ ಮತ್ತೇನಲ್ಲ, ಸೈಟು ನೋಡಲು ಬಂದವರ ಫೋನಿನಲ್ಲಿ ನಾವು ಬಿಡುವ ಸಣ್ಣ ಗುರುತು. ಅವರು ಮತ್ತೆ ಬಂದಾಗ ಗುರುತು ಹಿಡಿಯಲು ಅದು ಬೇಕು. ನಾನು ಹುಡುಕಿ ಏಳು ಕುಕಿಗಳ ಪಟ್ಟಿ ಮಾಡಿ ಕೊಟ್ಟೆ. ಅರ್ಧ ಗಂಟೆಯ ಕೆಲಸ ಅಂದುಕೊಂಡಿದ್ದೆ, ನನ್ನ ಬುದ್ಧಿಗಿಷ್ಟು!

ಮೇಷ್ಟ್ರು ಕೆಂಪು ಪೆನ್ನು ತೆಗೆದರು.

"ಇದು ಯಾವ ಕಡೇದು?"

"ನಮ್ಮದ ರೀ. ಲಾಗಿನ್ ಆದವರನ್ನ ನೆನಪಿಟ್ಟುಕೊಳ್ಳಾಕ."

"ಒಳ್ಳೇದು, ಇರ್ಲಿ. ಇದು?"

"ಕನ್ನಡ ಬೇಕೋ ಇಂಗ್ಲೀಷ್ ಬೇಕೋ ಅಂತ ನೆನಪಿಡತೈತಿ."

"ಭೇಷ್. ಇದನ್ನ ಮೇಲಕ್ಕ ಹಾಕು."

ಗಂಡಿನ ಕುಲಗೋತ್ರ ಕೇಳಿದ ಹಾಗೆ ಒಂದೊಂದನ್ನೂ ವಿಚಾರಿಸುತ್ತ ಮೂರು ದಿನ ಕಳೆದರು. ಮೂರನೇ ದಿನ ಪಕ್ಕದ ಪ್ರಿಂಟಿಂಗ್ ಪ್ರೆಸ್ಸಿನ ಮಂಜಣ್ಣನನ್ನೂ ಸಲಹೆಗೆ ಕರೆದರು. ಅವನು ಅಕ್ಷರ ಇನ್ನಷ್ಟು ದಪ್ಪ ಇದ್ದರೆ ಚೆಂದ ಎಂದು ಹೇಳಿ, ಚಹಾ ಕುಡಿದು ಹೋದ. ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ.

ಕೊನೆಯ ಎರಡು ಕುಕಿ ಜಾಹೀರಾತು ಕಂಪನಿಯವು. ಸೈಟಿನಲ್ಲಿ ಯಾರು ಯಾವ ವಿಭಾಗ ನೋಡಿದರು ಎಂಬುದನ್ನು ತಿಳಿದುಕೊಂಡು, ಆಮೇಲೆ ಅದೇ ಫೋನಿನಲ್ಲಿ ಅಂಥದ್ದೇ ಜಾಹೀರಾತು ತೋರಿಸುತ್ತವೆ ಎಂದು ವಿವರಿಸಿದೆ. ಮೇಷ್ಟ್ರು ಅದನ್ನು ಎರಡು ಸಲ ಓದಿದರು. ಆಮೇಲೆ ಎರಡರ ಮೇಲೂ ಗೆರೆ ಎಳೆದರು.

"ಅವನ್ನೇ ಮೊದಲು ಬರೀಬೇಕು ರೀ ಮೇಷ್ಟ್ರ. ಇಲ್ಲಾ ಅಂದ್ರ ತೆಗೆದು ಹಾಕೋಣ."

"ತೆಗದರ ಖರ್ಚು ಯಾರು ಕೊಡ್ತಾರ? ಹೆಣ್ಣು ನೋಡಾಕ ಬಂದವರ ಮುಂದ ಮನಿ ಜಗಳ ಯಾರರ ಹೇಳ್ತಾರೇನವ್ವ? ಜನ ಸುಮ್ನ ಗಾಬರಿ ಆಗ್ತಾರ. ಐದ ಸಾಕು."

ಐದನ್ನೇ ಹಾಕಿದೆ. ಇನ್ನೊಂದು ಸಲ ಜಗಳವಾಡುವ ಚೈತನ್ಯ ನನ್ನಲ್ಲಿ ಉಳಿದಿರಲಿಲ್ಲ.

ಅದಾಗಿ ಎರಡು ವಾರಕ್ಕೆ ತಂಬ್ರಹಳ್ಳಿಯ ಶಿವಮ್ಮ ಬಂದರು. ಕುರಿ ಸಾಕಿ ಬಾಳುವೆ ಮಾಡುವ ಹೆಂಗಸು. ಮಗಳು ಮೈಲಮ್ಮನ ಗಂಡ ತೀರಿಹೋಗಿ ಎರಡು ವರ್ಷ, ಅವಳು ತಾಯಿಯ ಹತ್ತಿರವೇ ಇದ್ದಳು. ಯೋಗ್ಯ ಗಂಡು ಸಿಕ್ಕ ಮೇಲೆ, ಒಳ್ಳೆಯ ಹೊತ್ತು ನೋಡಿ ಮಗಳನ್ನು ಕೇಳಬೇಕು, ಅಲ್ಲಿಯವರೆಗೆ ಅವಳಿಗೂ ಸುಳಿವು ಹತ್ತಬಾರದು ಎಂದು ಶಿವಮ್ಮ ಮೊದಲ ಸಲ ಬಂದಾಗಲೇ ಹೇಳಿದ್ದರು. ಅವರ ಫೋನಿನಲ್ಲಿ ಎರಡನೇ ಮದುವೆಯ ವಿಭಾಗ ತೆರೆದು, ಫೋಟೋ ಸರಿಸುವುದು ಹೇಗೆಂದು ತೋರಿಸಿಕೊಟ್ಟವಳು ನಾನೇ.

ಈ ಸಲ ಅವರು ಕುರ್ಚಿಯಲ್ಲಿ ಕೂರಲಿಲ್ಲ.

"ಫೋನ್ ತೆಗೆದರ ಸಾಕು, ಎರಡನೇ ಮದುವಿ, ಎರಡನೇ ಮದುವಿ ಅಂತ ಒದರತೈತಿ. ಮಗಳು ಹಾಡು ಕೇಳಾಕ ಹತ್ತಿದ್ಲು, ಅದರ ನಡುವೂ ಬಂತು. ನಮ್ಮಿಬ್ಬರಿಗೂ ಇರೋದು ಅದೊಂದ ಫೋನು. ಏನು ನೋಡಿದ್ಯವ್ವ ಇದರಾಗ ಅಂತ ಕೇಳಿದ್ಲು. ನನಗ ಸುಳ್ಳು ಹೇಳಾಕ ಆಗಲಿಲ್ಲ. 'ನಾ ನಿನಗ ಭಾರ ಆದ್ನೇನವ್ವ' ಅಂದು, ಬಟ್ಟಿ ಕಟಗೊಂಡು ಅತ್ತಿಮನಿಗೆ ಹೋಗ್ಯಾಳ. ಆ ಮನ್ಯಾಗ ಆಕಿಗೆ ಒಂದು ತುತ್ತು ಸಮಾಧಾನದಿಂದ ಹಾಕೋರಿಲ್ಲ. ಕರದ್ರೂ ಬರವಲ್ಲಳು, ನನ್ನ ಕೂಡ ಮಾತೂ ಆಡವಲ್ಲಳು."

ಮೇಷ್ಟ್ರ ಮುಖ ಕಪ್ಪಿಟ್ಟಿತು. ನನಗೆ ಅವರ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಹಿತ್ತಲ ಬಾಗಿಲಿಂದ ಜನರನ್ನು ಕಳಿಸುವ ಮನುಷ್ಯ, ಬಂದವರ ಮೇಲೆ ಕಣ್ಣಿಡಲು ಮುಂಬಾಗಿಲಲ್ಲಿ ಪರರನ್ನು ಕೂರಿಸಿ ಆ ಪರರ ಹೆಸರು ಮರೆಮಾಚಿದ್ದರು. ತಡವರಿಸುತ್ತ ಅವರು ನನಗೆ ಹೇಳಿದರು, "ಸುಮಾ, ಅವೆರಡನ್ನೂ ಈಗಿಂದೀಗ ಕಿತ್ತು ಹಾಕು." ಆಮೇಲೆ ಶಿವಮ್ಮನ ಕಡೆ ತಿರುಗಿದರು. "ತಪ್ಪಾತು ತಾಯಿ. ಆ ಪಟ್ಟ್ಯಾಗ ಇದನ್ನ ಬರಸಬೇಕಿತ್ತು. ಬರಸಿದ್ದರ ನಿಮಗ ಮೊದಲ ಗೊತ್ತಾಗತಿತ್ತು."

ಶಿವಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು.

"ನೀವು ಏನು ಬರಸಿದ್ರೂ ನನಗ ಓದಾಕ ಬರಂಗಿಲ್ರಿ ಮೇಷ್ಟ್ರ. ನೀವು ಓದಿದ್ರಲ್ರಿ?"

ಮೇಷ್ಟ್ರು ನನ್ನ ಕಡೆ ನೋಡಿದರು. ನಾನೂ ಓದಿದ್ದೆ.